ಅರಿಶಿಣ ಹಚ್ಚಿಕೊಂಡು ಬಂದ ಗಂಗವ್ವ

ಎಂಜಿನ್ ಮೊದಲು ಕೆಮ್ಮಿತು, ಆಮೇಲೆ ಬಿಕ್ಕಿತು, ಕೊನೆಗೆ ಪೈಪಿನ ಬಾಯಿಂದ ಭಳಭಳನೆ ನೀರು ಕಾರಿತು. ನೀರು ಹಳದಿಯಾಗಿತ್ತು.

ಬಾವಿಯ ದಂಡೆಯ ಮೇಲಿದ್ದವರೆಲ್ಲ ತೆರೆದ ಬಾಯಿ ಮುಚ್ಚದೆ ನಿಂತರು. ಎಪ್ಪತ್ಮೂರರ ಆ ಬರಗಾಲದ ಬೇಸಿಗೆಯಲ್ಲಿ ಮಂದ್ರೂಪ ಊರಿನ ಸುತ್ತ ನೀರು ಕಂಡರೇ ಬೆರಗು, ಇದಂತೂ ಸಿಂಗಾರ ಮಾಡಿಕೊಂಡು ಬಂದಿತ್ತು. ಬಾವಿಯ ಒಡೆಯ ಅಮೃತಪ್ಪ ಬೊಗಸೆಯೊಡ್ಡಿ ನೋಡಿದ. ಮಣ್ಣಿನ ಕೆಂಪಲ್ಲ, ಕಲ್ಲುಪುಡಿಯ ಬೂದುಬಣ್ಣವೂ ಅಲ್ಲ. ಮದುಮಗಳ ಕೆನ್ನೆಯ ಹಳದಿ.

“ಗಂಗವ್ವ ಅರಿಶಿಣ ಹಚಗೊಂಡು ಬಂದಾಳೋ ಅಮೃತಾ! ನನ್ನ ಜಲ್ಮದಾಗ ಇಂಥಾದ್ದು ಕಂಡಿಲ್ಲ” ಎಂದು ಮುದುಕಿ ಚಂದ್ರಭಾಗಾ ಆ ನೀರನ್ನು ಹಣೆಗೆ ಬಳಿದುಕೊಂಡಳು. ಅವಳನ್ನು ನೋಡಿ ಉಳಿದವರೂ ಬಳಿದುಕೊಂಡರು. ಬಂಡೆ ಒಡೆಯಲು ಸೋಲಾಪುರದಿಂದ ಬಂದಿದ್ದ ಸಿದ್ರಾಮ ಮಾತ್ರ ಎಣ್ಣೆಗೈ ಒರೆಸುತ್ತ, “ಕಲ್ಲಾಗ ಗಂಧಕ-ಗಿಂಧಕ ಇರಬೇಕ್ರಿ” ಎಂದ.

“ಏ, ನೀ ನಿನ್ನ ಎಂಜಿನ್ ನೋಡಪಾ” ಎಂದು ಮುದುಕಿ ಅವನ ಬಾಯಿ ಮುಚ್ಚಿಸಿದಳು.

ಹಿಂದಿನ ದಿನ ಮಧ್ಯಾಹ್ನ ಬಾವಿಯ ತಳದ ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸುರಂಗ ಹಾರಿಸಿದ್ದರು. ಹಾರಿಸುವ ಮೊದಲು, ಎರಡು ಹೊಲಗಳ ನಡುವಿನ ಬಾಂದದ ಆಚೆಯಿಂದ ಅಮೃತಪ್ಪನ ಅಕ್ಕ ಸೋನಾಬಾಯಿಯ ಗಂಡ ಕಲ್ಯಾಣಪ್ಪ ಓಡಿ ಬಂದು ಅಡ್ಡ ನಿಂತಿದ್ದ. ಈಗ ಸಂತೋಷದ ಭರಕ್ಕೆ ಅಮೃತಪ್ಪ ಆ ಭಾವನನ್ನು ತನ್ನ ಗಂಟಲೊಳಗಿಂದಲೇ ಕರೆತಂದ. ಧೋತರದ ಚುಂಗು ಎತ್ತಿ ಹಿಡಿದು, ಬೆನ್ನು ಬಾಗಿಸಿ, ಮೂಗಿನಲ್ಲಿ ರಾಗ ಎಳೆದ:

“ಅಮೃ...ತಪ್ಪಾ, ಸುರಂಗ ಬ್ಯಾ...ಡಪಾ! ನೆಲದ ಒಳಗ ಗ್ವಾಡಿ ಇರಂಗಿಲ್ಲೋ...”

ದಂಡೆ ದಂಡೆಯೇ ಬಿದ್ದು ಬಿದ್ದು ನಕ್ಕಿತು. “ಥೇಟ್ ಕಲ್ಯಾಣಪ್ಪಣ್ಣಾನ!” ಎಂದರು ಯಾರೋ.

“ನಾ ಏನಂದೆ ಗೊತ್ತೈತೇನು?” ಅಮೃತಪ್ಪ ತನ್ನ ದನಿಗೆ ಮರಳಿದ. “ಭಾವಾ, ಮ್ಯಾಲ ಬಾಂದ ಐತಿ, ಕೆಳಗೂ ಬಾಂದ ಐತಿ. ನಿನ್ನ ನೀರು ನಿನಗ, ನನ್ನ ನೀರು ನನಗ. ಸುಮ್ಮ ಮನಿಗಿ ಹೋಗಿ ಮಲಕ್ಕೋ ಅಂದೆ!”

ಕಾಲುವೆ ತುಂಬಿದ ಹಳದಿ ನೀರು ಕಬ್ಬಿನ ಕಡೆಗೆ ಓಡಿತು. ಬಾಡಿ ಬಾಗಿದ ಕಬ್ಬು. ಅದರ ಬುಡದಲ್ಲಿ ನೆಲ ಕೈ ಹೋಗುವಷ್ಟು ಬಿರಿದಿತ್ತು. ನೀರು ಮುಟ್ಟಿದಲ್ಲೆಲ್ಲ ಸುಂಯ್ ಎಂದು ಒಳಗೆ ಇಳಿದು ಹೋಗುತ್ತಿತ್ತು.

ಅಷ್ಟರಲ್ಲಿ ಬಾಂದ ಹತ್ತಿ ಸೋನಾಬಾಯಿ ಬಂದಳು. ಬೆನ್ನ ಹಿಂದೆ ಬರಗಾಲದ ರಸ್ತೆ ಕೆಲಸದಲ್ಲಿ ಖಡಿಕಲ್ಲು ಒಡೆಯುವ ಹೆಂಗಸರು, ಎಲ್ಲರ ಸೊಂಟದಲ್ಲೂ ಬರಿ ಕೊಡ. ಆ ಸುತ್ತಿನಲ್ಲಿ ಕುಡಿಯುವ ನೀರು ಉಳಿದಿದ್ದುದು ಸೋನಾಬಾಯಿಯ ಬಾವಿಯಲ್ಲಿ ಮಾತ್ರ. ಯಾರು ಬಂದರೂ ಅವಳು ಬೇಡ ಎಂದವಳಲ್ಲ.

“ಬಾ ಅಕ್ಕಾ, ಬಾ! ಮೊದಲನೇ ಆರತಿ ನಿಂದ” ಎಂದು ಅಮೃತಪ್ಪ ಕೂಗಿದ. “ನಿನ್ನ ಮಗಳು ದ್ರೌಪದಿ ಲಗ್ನಾ ಇನ್ನ ಮುಂದ ಹಾಕೂದು ಬ್ಯಾಡ. ನೀರಿಲ್ಲ ಅಂತಿದ್ರಲ್ಲ ಅಕ್ಕಲಕೋಟಿ ಬೀಗರು? ಹೇಳಿ ಕಳಸು, ನೀರಿನ ಕಾಳಜಿ ಸೋದರಮಾವಂದು!”

“ನಮ್ಮ ಬಾವಿ ಬತ್ತಿ ಹೋತೋ ತಮ್ಮಾ” ಎಂದಳು ಸೋನಾಬಾಯಿ. ತುಟಿ ಒಣಗಿತ್ತು. “ನಿನ್ನೆ ಸಂಜಿಗಿ ನೋಡನೋಡತಾ ಇಳ್ಯಾಕ ಹತ್ತಿತು. ಏನ ತಪ್ಪಾತೋ, ಗಂಗವ್ವ ಯಾಕ ಸಿಟ್ಟಾದಳೋ ಅಂತ ಬಾವಿಗಿ ಉಡಿ ತುಂಬಿದೆ, ಹೋಗಬ್ಯಾಡವ್ವಾ ಅಂತ ಕೈ ಮುಗದೆ. ಮುಂಜಾನೆ ಎದ್ದು ನೋಡಿದ್ರ ಬುಡದಾಗ ಬರೇ ರಾಡಿ...”

ಅವಳ ಕಣ್ಣು ಕಾಲುವೆಯ ಮೇಲೆ ಬಿತ್ತು. ಕುಕ್ಕರಗಾಲಲ್ಲಿ ಕುಳಿತು ಒಂದು ಬೊಗಸೆ ನೀರು ಎತ್ತಿದಳು, ಮೂಸಿದಳು. ಮತ್ತೊಮ್ಮೆ ಮೂಸಿದಳು. ಸೊಂಟದ ಕೊಡ ಜಾರಿ, ಠಣಠಣ ಉರುಳಿ, ಅಮೃತಪ್ಪನ ಕಾಲಿಗೆ ಬಡಿದು ನಿಂತಿತು.

“ಉಡಿಯಾಗ ಏನ ಹಾಕಿದ್ದಿ ಅಕ್ಕಾ?” ಈ ಸಲ ಅಮೃತಪ್ಪನ ಗಂಟಲಿನಿಂದ ಬಂದ ದನಿ ಯಾರದೆಂದು ಅವನಿಗೇ ತಿಳಿಯಲಿಲ್ಲ.

“ಮನ್ಯಾಗ ಮತ್ತೇನಿತ್ತು ಹಾಕಾಕ? ದ್ರೌಪದಿಗಿ ಹಚ್ಚಾಕಂತ ಅರಿಶಿಣ ಕುಟ್ಟಿ ಇಟ್ಟಿದ್ದೆ, ವಾಸನಿ ಬರಲಿ ಅಂತ ಕಚೋರ ಕೂಡಿಸಿ. ಡಬ್ಬಿಗಿ ಡಬ್ಬಿನೇ ಸುರುವಿದೆ.”

ಅಮೃತಪ್ಪ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದ. ಕಚೋರ ಘಮ್ಮೆಂದಿತು. ಚಂದ್ರಭಾಗಾ ಸೆರಗಿನಿಂದ ಹಣೆ ಉಜ್ಜಿಕೊಂಡಳು. ಹಳದಿ ಹೋಗಲಿಲ್ಲ, ಇನ್ನಷ್ಟು ಹರಡಿತು.

“ಬಂದ್ ಮಾಡೋ ಎಂಜಿನ್!” ಅಮೃತಪ್ಪ ಚೀರಿದ. ಸಿದ್ರಾಮ ಹಾರಿ ಹೋಗಿ ನಿಲ್ಲಿಸಿದ. ಸದ್ದು ಅಡಗಿದ ಮೇಲೆ, ಕಬ್ಬಿನ ಬುಡದ ಬಿರುಕುಗಳು ಗುಟುಕ್ ಗುಟುಕ್ ಎಂದು ನುಂಗುವುದು ಎಲ್ಲರಿಗೂ ಕೇಳಿಸಿತು. ಅಮೃತಪ್ಪ ಕಾಲುವೆಗೆ ಅಡ್ಡ ಬಿದ್ದು, ಎರಡೂ ಕೈಯಲ್ಲಿ ಕೆಸರು ಬಾಚಿ ಬಾಚಿ ಬಾಂದ ಕಟ್ಟತೊಡಗಿದ. ಕಟ್ಟಿದಷ್ಟೂ ಅದು ಬೆರಳ ಸಂದಿಯಿಂದ ಹರಿದು ಹೋಯಿತು.

ಸೋನಾಬಾಯಿ ಕೊಡ ಎತ್ತಿಕೊಂಡಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಗುರುತಿಲ್ಲದವರ ಹೊಲದ ಅಂಚಿಗೆ ಬಂದು ನಿಂತವಳ ಹಾಗೆ ಕೇಳಿದಳು:

“ನಿಮ್ಮ ಬಾವ್ಯಾಗಿಂದು ಒಂದು ಕೊಡ ತುಂಬಿಕೊಳ್ಳಲೇನ್ರಿ, ಮಾಲಕರ?”