ಖಾಲಿ ಹೋಗದ ತಟ್ಟೆ

"ಆ ಚೀಲ ಒಂದು ನಿಮಿಷ ಕೆಳಗಿಡಿ ಬಾಯಿ, ಕೈ ನೋಯುವುದಿಲ್ಲವಾ?"

"ಈ ಮೆಟ್ಟಿಲ ಮೇಲಾ? ಸತ್ತರೂ ಇಡುವುದಿಲ್ಲ," ಎಂದರು ಮೂರನೇ ಮಹಡಿಯ ಜರ್ಟ್ರೂಡ್ ಬಾಯಿ. "ಇದು ಕಳ್ಳರ ಬಿಲ್ಡಿಂಗ್."

"ಅವರ ಕೈ ಬಿದ್ದುಹೋಗಲಿ," ಎಂದಳು ಸ್ವರ್ಣಲತಾ, ಎಂದಿನಂತೆ. ಸೌದಿಯ ಅಲ್ ಅಜೀಜಿಯಾದ ಈ ಕಟ್ಟಡದ ಎರಡನೇ ಮಹಡಿಗೆ ಅವಳು ಬಂದು ಮೂರು ವರ್ಷ. ಅಂದಿನಿಂದ ಇದೇ ದೂರು, ಇದೇ ಶಾಪ. ಏನು ಕಳವಾಯಿತೆಂದು ಮಾತ್ರ ಅವಳು ಕೇಳಿರಲಿಲ್ಲ. ಕೇಳಿದರೆ ಬಾಯಿಯ ಮಾತು ಮುಗಿಯುವುದುಂಟೇ?

ಇವತ್ತಂತೂ ಸಮಯವೇ ಇರಲಿಲ್ಲ. ಗಂಡ ತಾರಾನಾಥನ ಕೆಲಸ ಖಲಾಸ್. ಶುಕ್ರವಾರ ಊರಿಗೆ ವಿಮಾನ. ಹೋಗುವ ಮೊದಲು ಎದುರುಮನೆಯ ಸೌದಿ ಹೆಂಗಸು ಝೊಹರಾಗೆ ಒಂದು ಮಾತು ಹೇಳಲೇಬೇಕು. ಹೇಳದೆ ಹೋದರೆ ಜೀವಕ್ಕೆ ಸಮಾಧಾನವಿಲ್ಲ.

ಹೊಸತಾಗಿ ಬಂದಾಗ ತಾರಾನಾಥ ಶಿಫ್ಟಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಒಂದು ಸಂಜೆ ಅತ್ತು ಅತ್ತು ಬಾಗಿಲು ತೆರೆದಾಗ ಹೊಸ್ತಿಲ ಹತ್ತಿರ ಬಟ್ಟೆ ಮುಚ್ಚಿದ ತಟ್ಟೆ, ತುಂಬ ಖರ್ಜೂರ. ಯಾರೋ ತನ್ನ ಅಳು ಕೇಳಿಸಿಕೊಂಡಿದ್ದರು! ಅಮ್ಮನ ಮನೆಯಲ್ಲಿ ಕಲಿತಂತೆ, ಖಾಲಿ ತಟ್ಟೆ ಕೊಡಬಾರದೆಂದು ಗೋಳಿಬಜೆ ತುಂಬಿ ಎದುರು ಬಾಗಿಲು ತಟ್ಟಿದಳು. ವಾರದೊಳಗೆ ತಟ್ಟೆ ಕಬ್ಸಾ ಅನ್ನ ಹೊತ್ತು ಮರಳಿತು. ಸೌದಿಯವರೂ ಖಾಲಿ ಕೊಡುವವರಲ್ಲ. ಅಂದಿನಿಂದ ತಟ್ಟೆ ನಿಂತಿಲ್ಲ. ಭಾಷೆಯಿಲ್ಲದ ಇಬ್ಬರ ನಡುವೆ ಬಾಗಿಲಲ್ಲಿ ಒಂದು ನಗು, ಒಂದು ತಟ್ಟೆ, ಅಷ್ಟೆ. ಒಳಗೆ ಹೋಗುವುದು ಇದೇ ಮೊದಲು.

ಅದಕ್ಕೇ ಜರ್ಟ್ರೂಡ್ ಬಾಯಿ ಬೇಕಿತ್ತು. ಸೌದಿ ವ್ಯಾಪಾರಿಯ ಆಫೀಸಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದವರು. ಅರಬ್ಬಿ ಬರುತ್ತದೆ, ರೀತಿ ರಿವಾಜು ಗೊತ್ತು.

"ಚಪ್ಪಲಿ ಹೊರಗೆ. ಬಲಗೈಯಲ್ಲೇ ತೆಗೆದುಕೋ. ಖಾವಾ, ಅಂದರೆ ಅವರ ಕಾಫಿ, ಸಾಕಾದರೆ ಕಪ್ ಅಲ್ಲಾಡಿಸು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಧೂಪ ಬಂತೋ, ಹೊರಡುವ ಹೊತ್ತಾಯಿತು ಅಂತ, ಏಳು. ಮತ್ತೆ ಸ್ವರ್ಣಾ, ಯಾವ ವಸ್ತುವನ್ನೂ ಹೊಗಳಬೇಡ! ಚಂದ ಅಂದರೆ ಕೈಗೇ ಕೊಟ್ಟುಬಿಡುತ್ತಾರೆ. ಮಾನ ಹೋಗುತ್ತದೆ."

ಸ್ವರ್ಣಲತಾ ಅದೇ ತಟ್ಟೆಯಲ್ಲಿ ಹೋಳಿಗೆ ಹಿಡಿದು ಒಳಗೆ ಹೋದಳು. ಕಪ್ ಅಲ್ಲಾಡಿಸಲು ಮರೆತು ನಾಲ್ಕು ಸಲ ಖಾವಾ ಕುಡಿದಳು. ಜರ್ಟ್ರೂಡ್ ಕೆಮ್ಮಿದರು. ಝೊಹರಾ ನಕ್ಕು, ತಟ್ಟೆಯ ಬಟ್ಟೆ ಸರಿಸಿ, ಹೋಳಿಗೆಗಳನ್ನು ಬೇರೆಡೆ ಜೋಡಿಸಿದಳು. ಅಂಚಿನಲ್ಲಿ ನೀಲಿ ಬಳ್ಳಿಯಿದ್ದ ಖಾಲಿ ತಟ್ಟೆ ಮೂವರ ನಡುವೆ ಉಳಿಯಿತು.

"ಹೇಳಿ ಬಾಯಿ, ಮೊದಲು ತಟ್ಟೆ ಇಟ್ಟವರು ಅವರು. ಆ ಖರ್ಜೂರ ಇಲ್ಲದಿದ್ದರೆ ನಾನು ಆ ವಾರವೇ ಊರಿಗೆ ಓಡುತ್ತಿದ್ದೆ. ಮರೆಯುವುದಿಲ್ಲ ಅಂತ ಹೇಳಿ."

ಜರ್ಟ್ರೂಡ್ ತಟ್ಟೆಯನ್ನೇ ನೋಡುತ್ತಿದ್ದರು. ಎರಡನೇ ಸಲ ಕರೆದಾಗ ಎಚ್ಚೆತ್ತು ಅರಬ್ಬಿಯಲ್ಲಿ ಹೇಳಿದರು. ಝೊಹರಾಳ ಹುಬ್ಬು ಮೇಲೇರಿತು. ತಟ್ಟೆ ತೋರಿಸಿ, ಸ್ವರ್ಣಲತಾಳನ್ನು ತೋರಿಸಿ, ಎದೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಏನೋ ಹೇಳಿದಳು.

"ಏನಂತೆ?"

"ನೆರೆಮನೆ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತೆ."

"ಅಷ್ಟು ಹೇಳಿದ್ದು ಇಷ್ಟೇನಾ?"

"ಅರಬ್ಬಿ ಉದ್ದವೇ ಮಾರಾಯ್ತಿ," ಎಂದು ಜರ್ಟ್ರೂಡ್ ಝೊಹರಾಳತ್ತ ತಿರುಗಿ, ವಿಮಾನ ಹಾರುವಂತೆ ಕೈಯಾಡಿಸಿ, ಮೆಲ್ಲಗೆ ಏನೋ ಹೇಳಿದರು. ಝೊಹರಾಳ ಕಣ್ಣು ತುಂಬಿತು. ಎದ್ದು ಬಂದು ಸ್ವರ್ಣಲತಾಳನ್ನು ತಬ್ಬಿಕೊಂಡಳು.

ಧೂಪ ಬಂತು. ಸ್ವರ್ಣಲತಾ ಎದ್ದಳು. ಆಗ ಜರ್ಟ್ರೂಡ್ ಬಾಯಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಕನ್ನಡದಲ್ಲೂ ಅರಬ್ಬಿಯಲ್ಲೂ ಗಟ್ಟಿಯಾಗಿ ಸಾರಿದರು:

"ಆಹಾ, ಎಂಥ ಚಂದದ ತಟ್ಟೆ! ಇಂಥದ್ದು ಎಲ್ಲೂ ನೋಡಿಲ್ಲ!"

ಸ್ವರ್ಣಲತಾಳ ಕಿವಿ ಬಿಸಿಯಾಯಿತು. ಝೊಹರಾ ತಟ್ಟೆ ತೆಗೆದುಕೊಂಡು, ಖರ್ಜೂರ ತುಂಬಿದ ಬಿಸ್ಕತ್ತು ಜೋಡಿಸಿ, ತಬ್ಬಿಬ್ಬಾದವಳಂತೆ ಅದನ್ನು ಸ್ವರ್ಣಲತಾಳ ಕೈಗಿಟ್ಟಳು. ನೀನೇ ಕೊಡು ಎಂಬಂತೆ ಕಣ್ಣಲ್ಲೇ ಜರ್ಟ್ರೂಡರನ್ನು ತೋರಿಸಿದಳು. ಸ್ವರ್ಣಲತಾ ನಾಚುತ್ತ ದಾಟಿಸಿದಳು.

ಹೊರಗೆ ಬಂದದ್ದೇ ತಡ, "ನನಗೆ ಉಪದೇಶ, ನಿಮಗೆ ತಟ್ಟೆ!" ಎಂದು ಹರಿಹಾಯ್ದಳು.

"ಆಸೆ ಆಯಿತು. ಏನು ಮಾಡುವುದು?"

"ಅವರು ಮೊದಲು ಕೊಟ್ಟ ತಟ್ಟೆ ಅದು, ಬಾಯಿ!"

"ಗೊತ್ತು ಮಗಾ. ಜೋಪಾನ ಮಾಡುತ್ತೇನೆ." ಜರ್ಟ್ರೂಡ್ ಅವಳ ಕೆನ್ನೆ ತಟ್ಟಿ, ಅರ್ಧ ಬಿಸ್ಕತ್ತು ಅವಳ ಸೆರಗಿಗೆ ಸುರಿದು ಮೆಟ್ಟಿಲು ಹತ್ತಿದರು.

ಮನೆಯಲ್ಲಿ ಅವರು ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದರು. ಕಾಗದದಲ್ಲಿ ಸುತ್ತಿಟ್ಟ ಐದು ತಟ್ಟೆಗಳು, ಅಂಚಿನಲ್ಲಿ ನೀಲಿ ಬಳ್ಳಿ. ಮೂರು ವರ್ಷದ ಹಿಂದೆ ಕಾರಿನಲ್ಲಿ ಮರೆತ ಕೀಲಿ ತರಲು ಇಳಿಯುವಾಗ, ಎರಡನೇ ಮಹಡಿಯಲ್ಲಿ ಸ್ವರ್ಣಲತಾಳ ಬಾಗಿಲ ಬಳಿ ಖರ್ಜೂರದ ಸಮೇತ ಕೆಳಗಿಟ್ಟು ಹೋಗಿದ್ದ, ಮರಳುವಷ್ಟರಲ್ಲಿ ಕಾಣೆಯಾಗಿದ್ದ ಆರನೆಯದನ್ನು ಅವುಗಳ ಮೇಲಿಟ್ಟು, "ಕಳ್ಳಿ! ನಿನ್ನ ಕೈ ತಣ್ಣಗಿರಲಿ," ಎಂದು ನಕ್ಕರು.