ಅಧ್ಯಕ್ಷರಿಗೆ ಹೋಳಿಗೆ ಊಟ

"ಸೋಮವಾರ ರಾಜೀನಾಮೆ ಕೊಡ್ತೀನಿ ಜಂಬು. ನನ್ನ ಕುರ್ಚ್ಯಾಗ ಇನ್ನ ನೀನ ಕುಂದ್ರಬೇಕು. ಮೆಂಬರ್‌ಗಳಿಗೆ ನಾನ ಹೇಳ್ತೀನಿ."

ಪಂಚಾಯ್ತಿ ಅಧ್ಯಕ್ಷ ಎರ್ರಿಯಪ್ಪನವರು ಹೋಳಿಗೆ ಮುರಿಯುತ್ತಾ ಹೀಗೆಂದಾಗ, ಬಡಿಸುತ್ತಿದ್ದ ದುರ್ಗಾ ಗಂಡನತ್ತ ನೋಡಿದಳು. ಜಂಬುನಾಥ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟ. ತಂದೆಯಿಲ್ಲದ ಅವನನ್ನು ಸಾಕಿ, ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದವರು ಇವರೇ. ಇವರ ವಿರುದ್ಧದ ಅವಿಶ್ವಾಸ ಪತ್ರಕ್ಕೆ ಸಹಿ ಹಾಕಲು ಮೊದಲು ಅವನ ಕೈ ಎದ್ದಿರಲೇ ಇಲ್ಲ. "ಇನ್ನೂ ಎಷ್ಟ್ ವರ್ಷ ಅವರ ಹಿಂದ ಫೈಲ್ ಹಿಡ್ಕಂಡು ತಿರುಗ್ತೀರಿ?" ಎಂದು ತಿಂಗಳುಗಟ್ಟಲೆ ಚುಚ್ಚಿ ಸಹಿ ಹಾಕಿಸಿದವಳು ದುರ್ಗಾ. ಸದಸ್ಯರು ಆ ಪತ್ರ ಹಿಡಿದು ಹೊಸಪೇಟೆಗೆ ಹೋಗಿ ಉಪವಿಭಾಗಾಧಿಕಾರಿ ಸಾಹೇಬರಿಗೆ ಕೊಡುವವರೆಗೆ ಮುದುಕರಿಗೆ ಸುಳಿವು ಸಿಗಬಾರದೆಂದು, ಇವತ್ತು ಊಟಕ್ಕೆ ಕರೆಸಿದವಳೂ ಅವಳೇ.

ಹೊಸಪೇಟೆಗೆ ಹೋದವರನ್ನು ತಡೆಯಲೆಂದು ಜಂಬುನಾಥ ಎಂಜಲು ಕೈಯಲ್ಲೇ ಫೋನೆತ್ತಿದ. ಅಷ್ಟರಲ್ಲಿ ಅದೇ ಬಡಿದುಕೊಂಡಿತು. "ಪತ್ರ ಕೊಟ್ವಿ ಅಣ್ಣಾ" ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಕಪ್ಪಿಟ್ಟಿತು.

"ಯಾರಪಾ?" ಎಂದರು ಎರ್ರಿಯಪ್ಪ.

ಅವನು ಬಾಯಿ ತೆರೆದ. ಎಲ್ಲವನ್ನೂ ಹೇಳಿಬಿಡುತ್ತಾನೆಂದು ದುರ್ಗಾಳಿಗೆ ಗೊತ್ತಾಯಿತು.

"ರಾಂಗ್ ನಂಬರ್ರಿ ಮಾಮಾ. ನೀವು ಉಣ್ರಿ," ಎಂದಳು. ದನಿ ಒಂದಿಷ್ಟೂ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಅವಳಿಗೇ ಹೆದರಿಕೆಯಾಯಿತು. ಗುರುತಿಲ್ಲದ ಯಾರನ್ನೋ ನೋಡುವಂತೆ ಗಂಡ ಅವಳನ್ನೇ ನೋಡುತ್ತಿದ್ದ.

ಮುದುಕರು ನಗುತ್ತಾ ತಾಟು ಮುಂದೆ ಹಿಡಿದರು. "ಇನ್ನೊಂದು ಹಾಕವ್ವಾ. ನಿನ್ನ ಕೈಯಾಗ ಉಂಡ್ರ ಹೊಟ್ಟಿ ತಣ್ಣಗಾಗ್ತೈತಿ."