ಇನ್ನು ಬರಬೇಡಿ

ಕಡಲೆಕಾಯಿ ಕೀಳುವ ಕಾಲ. ಓಬಳಮ್ಮ ಅರ್ಧ ಸಾಲು ಹಾಗೇ ಬಿಟ್ಟು, ಕೈಯ ಮಣ್ಣನ್ನೂ ತೊಳೆಯದೆ, ಮಗಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋಬಳಿಯ ಡಾಕ್ಟರ ಹತ್ತಿರ ಬಂದಿದ್ದಳು.

ಸುತ್ತಿನ ಊರುಗಳ ಬಾವಿಗೆ ಔಷಧಿ ಹಾಕಿಸಿ, ಚರಂಡಿ ತೆಗೆಸಿ, ಡಾಕ್ಟರು ಮೂವತ್ತು ವರ್ಷ ಅಲ್ಲೇ ಸವೆದಿದ್ದರು. ರೋಗ ವಾಸಿಯಾದವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: “ಇನ್ನು ಬರಬೇಡಿ.” ಅದನ್ನು ಕೇಳಿಸಿಕೊಂಡವರು ಜಗಲಿಯಲ್ಲೇ ಬೆಲ್ಲ ಹಂಚಿ ಹೋಗುವುದು ರೂಢಿಯಾಗಿತ್ತು.

“ನಂಗೆ ಆರು ತಿಂಗಳಿಂದ ಬಾ ಬಾ ಅಂತಾನೇ ಅವ್ರೆ, ಬೀಗರನ್ನ ಕರೆದಂಗೆ,” ಎಂದು ಸಾಲಿನಲ್ಲಿದ್ದ ಮುದುಕ ನಕ್ಕ. “ನಿನ್ ಸೆರಗಲ್ಲೇನಮ್ಮ ಗಂಟು?”

“ಬೆಲ್ಲ ಕಣಣ್ಣ. ಇವತ್ತು ಹೇಳಿಸ್ಕೊಂಡೇ ಹೋಗೋದು.”

ಪಟ್ಟಣದ ದೊಡ್ಡಾಸ್ಪತ್ರೆಯಿಂದ ಬಂದ ಕಾಗದವನ್ನು ಡಾಕ್ಟರು ಎರಡು ಸಲ ಓದಿದರು. ಹುಡುಗಿಯ ನಾಡಿ ಹಿಡಿದು ಬಹಳ ಹೊತ್ತು ಕೂತರು.

“ವರ್ಷವಾಯ್ತು ಸ್ವಾಮಿ, ಒಂದು ಸೋಮವಾರ ತಪ್ಪಿಸದೆ ಬಂದಿದೀನಿ,” ಎಂದಳು ಓಬಳಮ್ಮ. “ಊರಿಗೆಲ್ಲ ಹೇಳ್ತೀರಿ. ನನ್ ಕೂಸಿಗೂ ಆ ಮಾತು ಒಂದ್ಸಲ ಹೇಳ್ಬಿಡಿ. ನಿಮ್ ಕಾಲ್ ಹಿಡ್ಕೊತೀನಿ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇನ್ನು ಬರಬೇಡಿ, ಓಬಳಮ್ಮ.”

ಅವಳು ಗಂಟು ಬಿಚ್ಚಿ, ಮೊದಲ ತುಂಡನ್ನು ಅವರಿಗೇ ಚಾಚಿದಳು. ಡಾಕ್ಟರು ಕೈ ನೀಡಲಿಲ್ಲ.

“ಅವಳನ್ನ ಇಷ್ಟು ದೂರ ಗಾಡೀಲಿ ಅಲ್ಲಾಡಿಸಬೇಡಿ,” ಎಂದರು. “ನಾಳೆಯಿಂದ ದಿನಾ ನಾನೇ ಬರ್ತೀನಿ.”